ಮುಟ್ಟದೆ ಸಾಕುವ ಜೇಡ

ಕಳೆದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಊರಿಗೆ ವಿಡಿಯೋ ಕಾಲ್ ಮಾಡಿದ್ದೆ. ಮಾತಾಡುತ್ತ ಫೋನನ್ನು ಕಪಾಟಿನ ಕಡೆ ತಿರುಗಿಸಿದರೆ, ಗಾಜಿನ ಪೆಟ್ಟಿಗೆಯೊಳಗೆ ನಾನು ಸಾಕಿದ ಟರಾಂಟುಲಾ ಜೇಡ, ಕಂಬಳಿ, ಅಂಗಾತ ಬಿದ್ದಿತ್ತು. ಎಂಟೂ ಕಾಲು ಮೇಲೆ, ಅಲುಗಾಟವೇ ಇಲ್ಲ. ಶಿರಸಿಯಲ್ಲಿ ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರ ಬಂದು ನೋಡಿದಳು. "ಅಯ್ಯೋ, ಸತ್ತೇ ಹೋಯ್ತಲ್ಲೋ ಮಾರಾಯ" ಅಂದಳು.

ಸತ್ತಿರಲಿಲ್ಲ, ಪೊರೆ ಬಿಡುತ್ತಿತ್ತು. ಟರಾಂಟುಲಾ ಸಾಯುವಾಗ ಸಾಮಾನ್ಯವಾಗಿ ಹೀಗೆ ಅಂಗಾತ ಮಲಗುವುದಿಲ್ಲ. ಕೂತಲ್ಲೇ ಕಾಲುಗಳನ್ನು ಹೊಟ್ಟೆಯಡಿಗೆ ಎಳೆದುಕೊಂಡು, ಮುಷ್ಟಿ ಕಟ್ಟಿದ ಕೈಯಂತೆ ಮುದುರಿಹೋಗುತ್ತದೆ. ಇದು ಗೊತ್ತಿಲ್ಲದ ಎಷ್ಟೋ ಜನ ಪೊರೆ ಬಿಡಲು ಮಲಗಿದ ಜೇಡವನ್ನು ಸತ್ತಿತೆಂದು ಎತ್ತಿ ಎಸೆದಿದ್ದಾರೆ. "ಪಾಪ, ಮಗುಚಿ ಬಿದ್ದಿದೆ" ಎಂದು ತಿರುಗಿಸಿ ಕೂರಿಸಲು ಹೋಗಿ ಕೊಂದವರೂ ಇದ್ದಾರೆ. ಅಮ್ಮನಿಗೆ ಇಷ್ಟನ್ನು ಹೇಳಿ ಫೋನನ್ನು ಅಲ್ಲೇ ಪುಸ್ತಕಕ್ಕೆ ಒರಗಿಸಿಟ್ಟೆ. ಇಬ್ಬರೂ ಮಾತು ನಿಲ್ಲಿಸಿ ನೋಡುತ್ತ ಕೂತೆವು.

ಕಂಬಳಿ ಜರ್ಮನಿಯ ನಮ್ಮ ಮನೆಗೆ ಬಂದು ಮೂರು ವರ್ಷವಾಗಿತ್ತು. ಬಂದಾಗ ಅದರ ಮೈ ಹೆಸರುಕಾಳಿಗಿಂತ ಸ್ವಲ್ಪ ದೊಡ್ಡದಿತ್ತು, ಅಷ್ಟೇ. ಈಗ ಕಾಲು ಚಾಚಿದರೆ ನನ್ನ ಅಂಗೈ ತುಂಬುವಷ್ಟಾಗಿದೆ. ಮೈಮೇಲೆ ಗುಂಗುರು ಗುಂಗುರಾದ ಉದ್ದ ರೋಮ, ಹಳೆಯ ಕರಿಕಂಬಳಿಯ ಅಂಚು ಬಿಚ್ಚಿಕೊಂಡಂತೆ. ಹೆಸರು ಬಂದದ್ದು ಹಾಗೆ. ಇಲ್ಲಿನ ಕನ್ನಡದ ಮಕ್ಕಳು ಮನೆಗೆ ಬಂದಾಗಲೆಲ್ಲ, ಊರಿನ ಗೆಳೆಯರು ಫೋನು ಮಾಡಿದಾಗಲೆಲ್ಲ ಎರಡೇ ಪ್ರಶ್ನೆ ಕೇಳುತ್ತಾರೆ: ಯಾವ ಜೇಡ ತರಬೇಕು, ಹೇಗೆ ನೋಡಿಕೊಳ್ಳಬೇಕು? ನನ್ನ ಉತ್ತರವೂ ಚಿಕ್ಕದೇ. ತರುವ ಮೊದಲು ಬೇಕಾದಷ್ಟು ತಲೆಕೆಡಿಸಿಕೊಳ್ಳಿ, ತಂದಮೇಲೆ ಅದನ್ನು ಅದರಷ್ಟಕ್ಕೆ ಬಿಡಿ. ಸಾಕಿದ ಟರಾಂಟುಲಾಗಳು ಆರೈಕೆ ಕಡಿಮೆಯಾಗಿ ಸಾಯುವುದಕ್ಕಿಂತ ಆರೈಕೆ ಹೆಚ್ಚಾಗಿ ಸಾಯುವುದೇ ಜಾಸ್ತಿ.

ಹೆಸರಿನ ಬಗ್ಗೆ ಮೊದಲು ಒಂದು ಮಾತು. ಟರಾಂಟುಲಾ ಎಂಬ ಪದ ಇಟಲಿಯ ಟಾರಾಂಟೊ ಊರಿನಿಂದ ಬಂದದ್ದು. ಅಲ್ಲಿನವರು ಹಾಗೆ ಕರೆಯುತ್ತಿದ್ದದ್ದು ಬೇರೆಯೇ ಗುಂಪಿನ ಒಂದು ತೋಳಜೇಡವನ್ನು. ಯುರೋಪಿನವರು ಅಮೆರಿಕಕ್ಕೆ ಹೋಗಿ ಅಂಗೈಯಗಲದ ರೋಮದ ಜೇಡಗಳನ್ನು ಕಂಡಾಗ ಅದೇ ಹೆಸರು ಇವಕ್ಕೂ ಅಂಟಿತು. ಇವತ್ತು ಟರಾಂಟುಲಾ ಎಂದರೆ ಥೆರಫೋಸಿಡೆ ಎಂಬ ಕುಟುಂಬ, ಅದರಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಕನ್ನಡದಲ್ಲಿ ಜೇಡನೆಂದರೆ ನೇಯುವವನೂ ಹೌದಲ್ಲವೇ, ಆದರೆ ಇವು ಗಾಳಿಯಲ್ಲಿ ಬಲೆ ನೇಯ್ದು ಬೇಟೆ ಹಿಡಿಯುವ ಜಾತಿಯಲ್ಲ. ನೂಲನ್ನು ಬಿಲದ ಗೋಡೆಗೆ ಲೇಪಿಸುತ್ತವೆ, ಬಾಯಿಯ ಸುತ್ತ ನಾಲ್ಕೆಳೆ ಎಳೆಯುತ್ತವೆ, ಆ ಎಳೆ ಅದುರಿದಾಗ ಒಮ್ಮೆಲೆ ಮೇಲೆ ಬೀಳುತ್ತವೆ. ದಿನದ ಉಳಿದ ಹೊತ್ತೆಲ್ಲ ಸುಮ್ಮನೆ ಕೂತಿರುತ್ತವೆ. ಈ ಸುಮ್ಮನೆ ಕೂರುವಿಕೆ ಇಷ್ಟವಾಗದವರು ಟರಾಂಟುಲಾ ತರಬಾರದು.

ಅದರ ಮೈ ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಆರೈಕೆಯ ಅರ್ಧ ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಮುಂದಿನದು ತಲೆ ಮತ್ತು ಎದೆ ಕೂಡಿದ ಗಟ್ಟಿ ಭಾಗ. ಕಾಲುಗಳು, ವಿಷದ ಕೋರೆಗಳು ಎಲ್ಲ ಅಲ್ಲೇ. ಹಿಂದಿನದು ಮೆತ್ತನೆಯ ಹೊಟ್ಟೆ, ನೀರು ತುಂಬಿದ ಬಲೂನಿನಂತೆ. ಹೃದಯವಿರುವುದು ಈ ಹೊಟ್ಟೆಯ ಬೆನ್ನಿನಡಿಯಲ್ಲಿ. ಒಂದಡಿ ಎತ್ತರದಿಂದ ಬಿದ್ದರೂ ಹೊಟ್ಟೆ ಒಡೆದು ಪ್ರಾಣ ಹೋಗಬಹುದು. ಇನ್ನು ಕಾಲು. ಅದನ್ನು ಮಡಿಸಲು ಜೇಡಕ್ಕೆ ಸ್ನಾಯುಗಳಿವೆ, ಆದರೆ ಮುಖ್ಯವಾದ ಕೀಲುಗಳನ್ನು ಚಾಚಲು ಸ್ನಾಯುವಿಲ್ಲ. ಜೆಸಿಬಿಯ ತೋಳು ಎಣ್ಣೆಯ ಒತ್ತಡದಿಂದ ಚಾಚುವ ಹಾಗೆ, ಜೇಡ ತನ್ನ ಮೈಯ ದ್ರವವನ್ನು ಒತ್ತಿ ಕಾಲು ಚಾಚುತ್ತದೆ. ಸಾಯುವಾಗ ಆ ಒತ್ತಡ ಇಳಿದುಹೋಗುತ್ತದೆ, ಅದಕ್ಕೇ ಕಾಲು ಮುದುರುವುದು. ಮೈಯಲ್ಲಿ ನೀರು ಕಡಿಮೆಯಾದಾಗಲೂ ಹಾಗೇ ಅರೆಬರೆ ಮುದುರಲು ಶುರುವಾಗುತ್ತದೆ. ಆ ಹೊತ್ತಿಗೆ ಕಂಡುಹಿಡಿದು ನೀರಿನ ಬಟ್ಟಲ ಅಂಚಿಗೆ ಬಾಯಿ ತಾಗುವಂತೆ ಕೂರಿಸಿದರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ. ಊಟವಿಲ್ಲದೆ ತಿಂಗಳುಗಟ್ಟಲೆ ಇರಬಲ್ಲ ಪ್ರಾಣಿ ನೀರಿಲ್ಲದೆ ಇರಲಾರದು.

ಈಗ ಆಯ್ಕೆಯ ವಿಚಾರಕ್ಕೆ ಬರುತ್ತೇನೆ. ಬಣ್ಣ ನೋಡಿ ಆರಿಸಬೇಡಿ. ಮೊದಲು ಕೇಳಬೇಕಾದ್ದು ಅದು ಯಾವ ಖಂಡದ್ದು ಎಂದು. ಸಾಕುವವರು ಟರಾಂಟುಲಾಗಳನ್ನು ಹೊಸ ಜಗತ್ತಿನವು, ಹಳೆ ಜಗತ್ತಿನವು ಎಂದು ಎರಡು ಪಾಲು ಮಾಡುತ್ತಾರೆ. ಉತ್ತರ, ದಕ್ಷಿಣ ಅಮೆರಿಕದವು ಹೊಸ ಜಗತ್ತಿನವು. ಏಷ್ಯಾ, ಆಫ್ರಿಕಾ, ಆಸ್ಟ್ರೇಲಿಯಾದವು ಹಳೆಯವು. ಇದು ಭೂಪಟದ ಲೆಕ್ಕ ಮಾತ್ರವಲ್ಲ, ಆತ್ಮರಕ್ಷಣೆಯ ದಾರಿಯೇ ಬೇರೆ ಬೇರೆ. ಅಮೆರಿಕದ ಬಹುಪಾಲು ಜೇಡಗಳ ಹೊಟ್ಟೆಯ ಮೇಲೆ ನವೆ ಎಬ್ಬಿಸುವ ಸೂಕ್ಷ್ಮ ರೋಮಗಳಿರುತ್ತವೆ. ಹೆದರಿಕೆಯಾದರೆ ಹಿಂಗಾಲಿನಿಂದ ಅದನ್ನು ಕೆರೆದು ಗಾಳಿಗೆ ಹಾರಿಸುತ್ತವೆ. ನಸುಗುನ್ನಿ ಕಾಯಿ ಮುಟ್ಟಿದವರಿಗೆ, ಮಳೆಗಾಲದಲ್ಲಿ ಕಂಬಳಿಹುಳ ಮೈಗೆ ಸೋಕಿಸಿಕೊಂಡವರಿಗೆ ಆ ತುರಿಕೆ ಹೇಗಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಹೀಗೆ ದೂರದಿಂದಲೇ ಓಡಿಸುವ ಆಯುಧವಿರುವುದರಿಂದ ಇವು ಕಚ್ಚುವುದು ಕಡಿಮೆ. ವಿಷವೂ ಸೌಮ್ಯ, ಕಡಿದರೆ ಹೆಚ್ಚಾಗಿ ಜೇನು ಕಡಿದಷ್ಟು ನೋವು. ಏಷ್ಯಾ, ಆಫ್ರಿಕಾದ ಜೇಡಗಳಿಗೆ ಈ ರೋಮವಿಲ್ಲ. ಅವಕ್ಕೆ ಉಳಿದಿರುವುದು ಓಟ ಮತ್ತು ಕೋರೆ, ಎರಡರಲ್ಲೂ ಅವು ಗಟ್ಟಿಗ. ಮನುಷ್ಯರು ಟರಾಂಟುಲಾ ಕಡಿದು ಸತ್ತ ಖಚಿತ ದಾಖಲೆ ಇಲ್ಲ, ನಿಜ. ಆದರೆ ನಮ್ಮ ಭಾರತ, ಶ್ರೀಲಂಕಾದ ಪೊಯಿಸಿಲೋಥೀರಿಯಾ ಕುಲದ ಮರಜೇಡಗಳು ಕಡಿದರೆ ಸ್ನಾಯು ಹಿಡಿದುಕೊಂಡು ದಿನಗಟ್ಟಲೆ ಒದ್ದಾಡಬೇಕಾಗುತ್ತದೆ. ಕೆಲವರಿಗೆ ವಾರ ಕಳೆದ ಮೇಲೂ ಸೆಳೆತ ಮರುಕಳಿಸಿದ್ದಿದೆ. ಮೊದಲ ಜೇಡ ಹಳೆ ಜಗತ್ತಿನದಾಗಬಾರದು. ಎಷ್ಟೇ ಚಂದವಿರಲಿ, ಈ ಮಾತಿನಲ್ಲಿ ನಾನು ಸಡಿಲ ಬಿಡುವುದಿಲ್ಲ.

ಸೌಮ್ಯ ಎಂದ ಮಾತ್ರಕ್ಕೆ ಅಮೆರಿಕದವನ್ನು ಹಗುರವಾಗಿ ಕಾಣುವಂತಿಲ್ಲ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಆಸ್ಪತ್ರೆಗೆ 29 ವರ್ಷದ ಒಬ್ಬರು ಕೆಂಪಾಗಿ ನೀರು ಸುರಿಸುವ ಕಣ್ಣಿನೊಂದಿಗೆ ಬಂದರು. ಮೂರು ವಾರದಿಂದ ಹಾಗೇ ಇತ್ತು. ವೈದ್ಯರು ದೊಡ್ಡದು ಮಾಡಿ ನೋಡಿದರೆ ಕಾರ್ನಿಯಾದಲ್ಲಿ ಕೂದಲಿಗಿಂತ ತೆಳ್ಳಗಿನ ಮುಳ್ಳುಗಳು ಚುಚ್ಚಿಕೊಂಡಿದ್ದವು. ಆಗ ಅವರಿಗೆ ನೆನಪಾಯಿತು: ತಮ್ಮ ಚಿಲಿಯನ್ ರೋಸ್ ಜೇಡದ ಗಾಜಿನ ಕಲೆ ಉಜ್ಜುತ್ತಿದ್ದಾಗ ಹಿಂದೆ ಏನೋ ಅಲುಗಾಡಿದಂತಾಗಿ ತಿರುಗಿದ್ದರು, ಜೇಡ ಮುಖದ ಮೇಲೆ ರೋಮದ ಮಂಜು ಎರಚಿತ್ತು. ಆ ರೋಮಗಳು ಚಿಮಟಕ್ಕೂ ಸಿಗದಷ್ಟು ಸಣ್ಣವು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹನಿ ಹಾಕಿಕೊಳ್ಳಬೇಕಾಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಪೆಟ್ಟಿಗೆಯೊಳಗೆ ಕೈ ಹಾಕುವಾಗ ನಾನು ಕನ್ನಡಕ ಹಾಕುತ್ತೇನೆ, ಮುಖವನ್ನು ಬಾಗಿಸುವುದಿಲ್ಲ, ಮುಗಿದ ಕೂಡಲೇ ಕೈ ತೊಳೆಯುತ್ತೇನೆ. ಮಗಳಿಗೂ ಇದೇ ನಿಯಮ.

ಎರಡನೆಯ ಪ್ರಶ್ನೆ: ನೆಲದ್ದೋ, ಮರದ್ದೋ? ದಕ್ಷಿಣ ಅಮೆರಿಕದ ಗುಲಾಬಿ ಬೆರಳಿನ ಅವಿಕ್ಯುಲೇರಿಯಾ ಮರದ ಜೇಡ, ನೋಡಲು ಮುದ್ದು, ಕಚ್ಚುವುದೂ ಅಪರೂಪ. 1705ರಲ್ಲಿ ಕೀಟಗಳ ಚಿತ್ರಗಾರ್ತಿ ಮರಿಯಾ ಸಿಬಿಲ್ಲಾ ಮೆರಿಯನ್ ಸುರಿನಾಮಿನಿಂದ ತಂದು ಪ್ರಕಟಿಸಿದ ಚಿತ್ರವೊಂದರಲ್ಲಿ ಇಂಥದೇ ಜೇಡ ಝೇಂಕಾರದ ಹಕ್ಕಿಯನ್ನು ತಿನ್ನುತ್ತಿತ್ತು, "ಹಕ್ಕಿ ತಿನ್ನುವ ಜೇಡ" ಎಂಬ ಹೆಸರು ನಿಂತದ್ದು ಆ ಚಿತ್ರದಿಂದ. ಆದರೆ ಹೊಸಬರ ಕೈಯಲ್ಲಿ ಇದರ ಮರಿಗಳು ಇದ್ದಕ್ಕಿದ್ದಂತೆ ಸಾಯುತ್ತವೆ. ಕಾರಣ, ಮಳೆಕಾಡಿನ ಜೇಡ ಎಂದು ದಿನಾ ನೀರು ಚಿಮುಕಿಸಿ, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುವುದು. ಅದಕ್ಕೆ ಬೇಕಾದದ್ದು ಮರದ ಮೇಲಿನ ಗಾಳಿ. ಮೊದಲ ಸಲಕ್ಕೆ ನೆಲದ ಜೇಡವೇ ಲೇಸು.

ಹಾಗಾದರೆ ಯಾವುದು? ನನ್ನ ಮೊದಲ ಆಯ್ಕೆ ಕಂಬಳಿಯ ಜಾತಿ, ಕರ್ಲಿ ಹೇರ್ ಎನ್ನುತ್ತಾರೆ. ಶಾಸ್ತ್ರೀಯ ಹೆಸರು ಟ್ಲಿಲ್ಟೊಕಾಟ್ಲ್ ಅಲ್ಬೊಪಿಲೋಸಸ್. ಕೋಸ್ಟರಿಕಾ, ನಿಕರಾಗುವಾ ಕಡೆಯದು. ಬೆಲೆ ಕಡಿಮೆ, ಸಾಕಿದ ಮನೆಗಳಲ್ಲೇ ಧಾರಾಳವಾಗಿ ಮರಿಯಾಗುತ್ತದೆ, ಸ್ವಭಾವ ತಣ್ಣಗೆ, ಹಸಿವು ಚೆನ್ನಾಗಿದೆ, ಸಣ್ಣಪುಟ್ಟ ತಪ್ಪುಗಳನ್ನು ತಡೆದುಕೊಳ್ಳುತ್ತದೆ. ಬಿಲ ತೋಡುವುದನ್ನು ನೋಡಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಕಂಬಳಿ ಒಂದು ರಾತ್ರಿಯಲ್ಲಿ ಪೆಟ್ಟಿಗೆಯ ಈ ಮೂಲೆಯ ಮಣ್ಣನ್ನು ಆ ಮೂಲೆಗೆ ಸಾಗಿಸಿಬಿಡುತ್ತದೆ. ಎರಡನೆಯದು ಮೆಕ್ಸಿಕೋದ ಕೆಂಪು ಮಂಡಿ. ಟರಾಂಟುಲಾ ಎಂದ ಕೂಡಲೇ ಮನಸ್ಸಿಗೆ ಬರುವ, ಕಪ್ಪು ಕಾಲಿಗೆ ಕೇಸರಿ ಪಟ್ಟಿ ಕಟ್ಟಿದಂಥ ಜೇಡ ಇದೇ. ದಶಕಗಳ ಕಾಲ ಎಲ್ಲವನ್ನೂ ಬ್ರಾಕಿಪೆಲ್ಮಾ ಸ್ಮಿತಿ ಎಂದೇ ಮಾರುತ್ತಿದ್ದರು. ಮೆಕ್ಸಿಕೋದ ಸಂಶೋಧಕರು 2017ರಲ್ಲಿ ಬಿಡಿಸಿ ನೋಡಿದಾಗ ಅದರಲ್ಲಿ ಎರಡು ಪ್ರಭೇದ ಬೆರೆತಿದ್ದದ್ದು ಸ್ಪಷ್ಟವಾಯಿತು, ಅಂಗಡಿಗಳಲ್ಲಿ ಹೆಚ್ಚಾಗಿ ಇದ್ದದ್ದು ಬ್ರಾಕಿಪೆಲ್ಮಾ ಹಮೋರಿ. ಬೆಳವಣಿಗೆ ಬಹಳ ನಿಧಾನ. ಮರಿಯಾಗಿ ತಂದರೆ ಆರೇಳು ವರ್ಷ ಕಾಯಬೇಕು. ರೋಮ ಹಾರಿಸುವುದರಲ್ಲಿ ಕೈ ಮುಂದು. ಮೂರನೆಯದು ಚಿಲಿಯನ್ ರೋಸ್, ಒಣನೆಲದ ಜೇಡ. ಅದರ ಉಪವಾಸ ನೋಡಿ ಹೊಸಬರು ಕಂಗಾಲಾಗುತ್ತಾರೆ. ಎಂಟು ಹತ್ತು ತಿಂಗಳು ಏನನ್ನೂ ಮುಟ್ಟದೆ ಇದ್ದು, ಒಂದು ದಿನ ಏನೂ ಆಗಿಲ್ಲವೆಂಬಂತೆ ತಿನ್ನಲು ಶುರುಮಾಡುತ್ತದೆ. ಹೊಟ್ಟೆ ದುಂಡಗಿದ್ದರೆ, ಬಟ್ಟಲಲ್ಲಿ ನೀರಿದ್ದರೆ ಚಿಂತಿಸಬೇಕಿಲ್ಲ. ಬ್ರೆಜಿಲಿನ ಕಪ್ಪು ಗ್ರಾಮೋಸ್ಟೋಲಾ ಪುಲ್ಕ್ರಾ ಕೂಡ ಒಳ್ಳೆಯದೇ, ದುಡ್ಡು ಜಾಸ್ತಿ.

ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಲೇಬೇಕು: ಎಷ್ಟು ವರ್ಷ? ಕೆಂಪು ಮಂಡಿಯ ಹೆಣ್ಣು 25 ವರ್ಷ ದಾಟಿ ಬದುಕುತ್ತದೆ. ಗಂಡು ಅದರ ಅರ್ಧವೂ ಇಲ್ಲ, ಪ್ರಾಯಕ್ಕೆ ಬಂದಮೇಲೆ ಒಂದೆರಡು ವರ್ಷದಲ್ಲಿ ಮುಗಿಯುತ್ತದೆ. ಇವುಗಳ ದೂರದ ನೆಂಟ, ಪಶ್ಚಿಮ ಆಸ್ಟ್ರೇಲಿಯಾದ ಒಂದು ಬಾಗಿಲಜೇಡ, 1974ರಿಂದ ವಿಜ್ಞಾನಿ ಬಾರ್ಬರಾ ಯಾರ್ಕ್ ಮೇನ್ ಅವರ ದಾಖಲೆಯಲ್ಲಿತ್ತು. ಹದಿನಾರನೇ ಸಂಖ್ಯೆಯ ಆ ಹೆಣ್ಣು 43 ವರ್ಷ ಒಂದೇ ಬಿಲದಲ್ಲಿ ಬದುಕಿ 2016ರಲ್ಲಿ ಕಣಜದ ದಾಳಿಗೆ ಬಲಿಯಾಯಿತು. ಹತ್ತು ವರ್ಷದ ಮಗು ಹಟ ಮಾಡಿತೆಂದು ಹೆಣ್ಣು ಜೇಡ ತಂದರೆ, ಆ ಮಗು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಹೋದಮೇಲೂ ಜೇಡ ನಿಮ್ಮ ಕಪಾಟಿನಲ್ಲೇ ಇರುತ್ತದೆ.

ಪೆಟ್ಟಿಗೆಯ ವಿಚಾರದಲ್ಲಿ ಜನ ಎತ್ತರವಾದ ಅಂದದ ಗಾಜಿನ ತೊಟ್ಟಿ ತರುತ್ತಾರೆ. ನೆಲದ ಜೇಡಕ್ಕೆ ಎತ್ತರವೇ ಶತ್ರು, ಅದು ಗಾಜು ಹತ್ತಿ ಬೀಳುತ್ತದೆ. ಮಣ್ಣಿನ ಮೇಲ್ಮೈಯಿಂದ ಮುಚ್ಚಳಕ್ಕೆ ಇರುವ ಅಂತರ ಜೇಡದ ಕಾಲಗಲದ ಒಂದೂವರೆ ಪಟ್ಟು ಮೀರಬಾರದು. ಬೆಳೆದ ಜೇಡಕ್ಕೆ 30 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪೆಟ್ಟಿಗೆ ಸಾಕು. ತಂತಿಬಲೆಯ ಮುಚ್ಚಳ ಬೇಡ, ಉಗುರು ಸಿಕ್ಕಿಕೊಂಡು ಕಾಲು ಕಿತ್ತುಹೋಗುತ್ತದೆ. ತೂತು ಕೊರೆದ ಅಕ್ರಿಲಿಕ್ ಹಲಗೆ ಒಳ್ಳೆಯದು. ಜೇಡಕ್ಕೆ ಪುಸ್ತಕದ ಹಾಳೆಗಳಂತೆ ಪದರ ಪದರವಾದ ಎರಡು ಜೊತೆ ಶ್ವಾಸಕೋಶಗಳಿವೆ, ಹೊಟ್ಟೆಯ ಅಡಿಯಲ್ಲಿ. ನೆಲಕ್ಕೆ ಅಷ್ಟು ಹತ್ತಿರ ಉಸಿರಾಡುವ ಪ್ರಾಣಿಗೆ ಕೊಳೆತ ಗಾಳಿ ನಿಂತರೆ ಕಷ್ಟ. ಹಾಗಾಗಿ ಅಕ್ಕಪಕ್ಕದ ಗೋಡೆಗಳಲ್ಲೂ ತೂತು ಬೇಕು.

ಹಾಸಿಗೆ ನಾನು ಬಳಸುವುದು ತೆಂಗಿನ ನಾರಿನ ಪುಡಿ, ಕೋಕೋಪೀಟ್. ಒಣಗಿಸಿ ಒತ್ತಿದ ಇಟ್ಟಿಗೆಯಾಗಿ ಬರುತ್ತದೆ. ಬಕೆಟ್ಟಿನಲ್ಲಿ ಬೆಚ್ಚನೆಯ ನೀರು ಹೊಯ್ದಾಗ ಅದು ಉಬ್ಬುತ್ತ ಬಿಡುವ ವಾಸನೆ ನನಗೆ ಊರಿನ ತೋಟದ ಮಳೆಗಾಲದ ವಾಸನೆಯೇ. ಅದಕ್ಕೆ ಗೊಬ್ಬರವಿಲ್ಲದ ತೋಟದ ಮಣ್ಣು ಸೇರಿಸಿ, ಮುಷ್ಟಿಯಲ್ಲಿ ಹಿಂಡುತ್ತೇನೆ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಆಮೇಲೆ ಪೆಟ್ಟಿಗೆಗೆ ಪದರ ಪದರವಾಗಿ ಹಾಕಿ ಕೈಯಿಂದ ಗಟ್ಟಿಯಾಗಿ ಒತ್ತಬೇಕು. ಸಡಿಲ ಮಣ್ಣಿನಲ್ಲಿ ಬಿಲ ನಿಲ್ಲುವುದಿಲ್ಲ. ಕಡಿಮೆಯೆಂದರೆ 12 ಸೆಂಟಿಮೀಟರ್ ಆಳ. ಒಂದು ಕಡೆ ಕಾರ್ಕ್ ತೊಗಟೆಯನ್ನು ಓರೆಯಾಗಿ ಹುಗಿದು, ಅದರ ಕೆಳಗೆ ಹೆಬ್ಬೆರಳಿನಿಂದ ಒಂದು ಗುಂಡಿ ಮಾಡಿಕೊಟ್ಟರೆ ಉಳಿದದ್ದನ್ನು ಅದೇ ತೋಡಿಕೊಳ್ಳುತ್ತದೆ. ಕರ್ಲಿ ಹೇರಿಗೆ ಒಂದು ಮೂಲೆ ತುಸು ಒದ್ದೆಯಿರಲಿ, ಕೆಂಪು ಮಂಡಿಗೂ ಚಿಲಿಯನ್ ರೋಸಿಗೂ ಒಣ ಮಣ್ಣೇ ಸಾಕು. ಚಿಲಿಯನ್ ರೋಸನ್ನು ಒದ್ದೆ ಮಣ್ಣಿನ ಮೇಲೆ ಬಿಟ್ಟರೆ ಕೆಸರಲ್ಲಿ ಸೀರೆ ಎತ್ತಿಕೊಂಡು ನಡೆಯುವವರಂತೆ ತುದಿಗಾಲಲ್ಲಿ ನಿಲ್ಲುತ್ತದೆ. ಅಗಲವಾದ, ಆಳವಿಲ್ಲದ ನೀರಿನ ಬಟ್ಟಲು ಎಲ್ಲಕ್ಕೂ ಬೇಕು. ಅದರಲ್ಲಿ ಸ್ಪಂಜು ಇಡಬೇಡಿ, ಕೊಳೆಯುತ್ತದೆ.

ಶಾಖದ ಪ್ಯಾಡು? ಬೇಡ. ನಮಗೆ ಚಳಿಯಾಗದ ಕೋಣೆ ಜೇಡಕ್ಕೂ ಸಾಕು, ಇಲ್ಲಿನ ಚಳಿಗಾಲದಲ್ಲಿ ನಮ್ಮ ಕೋಣೆ 20–21 ಡಿಗ್ರಿ ಇರುತ್ತದೆ. ಪೆಟ್ಟಿಗೆಯಡಿ ಶಾಖ ಕೊಟ್ಟರೆ ಏನಾಗುತ್ತದೆಂದರೆ, ಸೆಖೆಯಾದಾಗ ಕೆಳಗೆ ತೋಡಿ ತಂಪು ಹುಡುಕುವುದು ಜೇಡದ ಹುಟ್ಟುಗುಣ. ತೋಡಿದಷ್ಟೂ ಅದು ಬೆಂಕಿಗೇ ಹತ್ತಿರವಾಗುತ್ತದೆ. ಸೆಖೆಯಿಂದ ಪಾರಾಗಲು ಅದಕ್ಕಿದ್ದ ದಾರಿಯನ್ನೇ ನಾವು ತಿರುಗಿಸಿಟ್ಟಿರುತ್ತೇವೆ. ಇನ್ನೊಂದು, ಮನೆಯಲ್ಲಿ ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇ. ಕೀಟ ಕೊಲ್ಲುವ ಮದ್ದು ಜೇಡವನ್ನೂ ಕೊಲ್ಲುತ್ತದೆ. ನಾಯಿ, ಬೆಕ್ಕಿಗೆ ಹಚ್ಚುವ ಚಿಗಟದ ಮದ್ದು ಕೈಗೆ ಅಂಟಿದ್ದರೂ ಪೆಟ್ಟಿಗೆ ಮುಟ್ಟಬಾರದು.

ಊಟದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬೆಳೆದ ಜೇಡಕ್ಕೆ ಹತ್ತು ದಿನಕ್ಕೊಂದು ಚಿಮ್ಮಂಡೆಯೋ ಸಾಕಿದ ಜಿರಳೆಯೋ ಸಾಕು, ಮರಿಗೆ ವಾರಕ್ಕೆರಡು ಸಲ ಸಣ್ಣ ತುಂಡು. ಹುಳ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರದು. ಒಂದು ದಿನದಲ್ಲಿ ತಿನ್ನದಿದ್ದರೆ ಹೊರಗೆ ತೆಗೆಯಿರಿ. ಅಡುಗೆಮನೆಯಲ್ಲಿ ಹಿಡಿದ ಜಿರಳೆ ಕೊಡಬೇಡಿ, ಅದು ಎಲ್ಲಿ ಯಾವ ಮದ್ದು ತಿಂದು ಬಂದಿದೆಯೋ. ಬೇಡುವಷ್ಟೂ ತಿನ್ನಿಸುತ್ತ ಹೋದರೆ ಹೊಟ್ಟೆ ನೆಲಕ್ಕೆ ಉಜ್ಜುವಷ್ಟು ದಪ್ಪಗಾಗಿ, ಸಣ್ಣ ಬೀಳುವಿಕೆಗೂ ಒಡೆಯುತ್ತದೆ.

ಕೈಮೇಲೆ ಬಿಟ್ಟುಕೊಳ್ಳುವ ಆಸೆಯನ್ನು ಬಿಡಿ. ಜೇಡಕ್ಕೆ ನಿಮ್ಮ ಪರಿಚಯವಾಗುವುದಿಲ್ಲ. ಅದರ ಪಾಲಿಗೆ ಕೈ ಎಂದರೆ ಬೆಚ್ಚಗೆ ಅದುರುವ ನೆಲ, ಅಷ್ಟೇ. ಗಾಬರಿಯಾಗಿ ಜಿಗಿದರೆ ನಿಮಗೆ ತುರಿಕೆ, ಅದಕ್ಕೆ ಸಾವು. ಪೆಟ್ಟಿಗೆ ಬದಲಿಸಬೇಕಾದಾಗ ಮುಂದೆ ಒಂದು ಪಾರದರ್ಶಕ ಡಬ್ಬಿ ಅಡ್ಡ ಹಿಡಿದು, ಮೆತ್ತನೆಯ ಬಣ್ಣದ ಬ್ರಷ್ಷಿನಿಂದ ಹಿಂಗಾಲನ್ನು ಸ್ವಲ್ಪ ತಟ್ಟಿದರೆ ಅದೇ ನಡೆದು ಒಳಗೆ ಹೋಗುತ್ತದೆ.

ಮತ್ತೆ ಆ ಭಾನುವಾರಕ್ಕೆ ಬರುತ್ತೇನೆ. ಅದಕ್ಕೂ ಮೂರು ವಾರ ಮೊದಲೇ ಸೂಚನೆಗಳಿದ್ದವು. ಊಟ ಬಿಟ್ಟಿತ್ತು. ಹೊಟ್ಟೆಯ ಮೇಲೆ ರೋಮ ಉದುರಿ ಬೋಳಾಗಿದ್ದ ಜಾಗ ಕಪ್ಪಾಗಿ ಹೊಳೆಯುತ್ತಿತ್ತು, ಒಳಗೆ ಹೊಸ ರೋಮ ತಯಾರಾಗಿರುವುದರ ಗುರುತು ಅದು. ಹಿಂದಿನ ರಾತ್ರಿ ನೆಲದ ಮೇಲೆ ನೂಲಿನ ಚಾಪೆ ಹಾಸಿಕೊಂಡಿತ್ತು. ಆ ಹೊತ್ತಿನಲ್ಲಿ ಪೆಟ್ಟಿಗೆಯಲ್ಲಿ ಒಂದು ಚಿಮ್ಮಂಡೆ ಉಳಿದಿದ್ದರೂ ಅದು ಮೆತ್ತಗಾದ ಜೇಡವನ್ನೇ ಕಡಿದು ತಿನ್ನುತ್ತದೆ. ಬಟ್ಟಲು ತುಂಬಿಸಿ, ಮುಚ್ಚಳ ಮುಚ್ಚಿ, ನಾನು ದೂರ ಸರಿದಿದ್ದೆ.

ಅಮ್ಮ ನೋಡುತ್ತಿದ್ದಂತೆ ಎದೆಯ ಮುಚ್ಚಳ ಡಬ್ಬಿಯ ಮುಚ್ಚಳದಂತೆ ತೆರೆದುಕೊಂಡಿತು. ಆಮೇಲೆ ಕಾಲುಗಳು. ಎಂಟೂ ಕಾಲು ಒಟ್ಟಿಗೆ, ಉಸಿರಿನ ಲಯದಲ್ಲಿ, ಬಿಗಿಯಾದ ಕೈಗವಸಿನಿಂದ ಬೆರಳು ಎಳೆದುಕೊಂಡ ಹಾಗೆ, ಒಂದೊಂದೇ ಮಿಲಿಮೀಟರ್ ಹೊರಗೆ ಬಂದವು. ಒಳಗಿನಿಂದ ಬಂದದ್ದು ಬೆಳ್ಳಗೆ, ಹಾಲಿನ ಕೆನೆಯಂತೆ. ಕೋರೆಗಳು ಕೂಡ ಬಿಳಿ. ಗಂಟೆಗಳು ಕಳೆದಂತೆ ಅವು ಗುಲಾಬಿಯಾದವು, ಎರಡು ಮೂರು ದಿನಕ್ಕೆ ಕೆಂಪಾದವು, ಹತ್ತು ದಿನ ಕಳೆದಮೇಲೆ ಕಪ್ಪಾದವು. ಕಪ್ಪಾಗುವವರೆಗೂ ಊಟ ಕೊಡಬಾರದು. ಮೆತ್ತನೆಯ ಕೋರೆಯಿಂದ ಹುಳವನ್ನು ಕಚ್ಚಲು ಹೋದರೆ ಮುರಿಯುತ್ತದೆ, ಇಲ್ಲ ಬಾಗುತ್ತದೆ.

ಹಿಂದಿನ ಪೊರೆಗಳನ್ನೆಲ್ಲ ಕಂಬಳಿ ಕಡಿದು ಉಂಡೆ ಮಾಡಿ ಮೂಲೆಗೆಸೆದಿತ್ತು. ಈ ಸಲದ್ದು ಇಡಿಯಾಗಿ ಸಿಕ್ಕಿತು. ಅದನ್ನು ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ನೆನೆಸಿ, ಹೊಟ್ಟೆಯ ಭಾಗವನ್ನು ಬ್ರಷ್ಷಿನಿಂದ ಬಿಡಿಸಿ ಹರಡಿ, ಬೆಳಕಿಗೆ ಹಿಡಿದೆ. ಬಿಳಿಯ ನಾಲ್ಕು ಚುಕ್ಕಿಗಳು ಶ್ವಾಸಕೋಶಗಳು. ಮೇಲಿನ ಎರಡರ ನಡುವೆ, ಭೂತಕನ್ನಡಿಯಲ್ಲಿ, ಪುಟ್ಟ ತುಟಿಯಂತೆ ಎದ್ದ ಒಂದು ಮಡಿಕೆ ಕಂಡಿತು. ವೀರ್ಯ ಕೂಡಿಡುವ ಚೀಲ ಅದು, ಹೆಣ್ಣಿಗೆ ಮಾತ್ರ ಇರುವುದು. ಅಂದಿನಿಂದ ಕಂಬಳಿ ನಮ್ಮ ಮನೆಯಲ್ಲಿ "ಅವಳು". ಇಪ್ಪತ್ತು ವರ್ಷದ ಲೆಕ್ಕವೂ ಅಂದೇ ಶುರುವಾಯಿತು.

ಎಲ್ಲಿಂದ ತರಬೇಕು ಎಂಬುದು ಯಾವ ಜೇಡ ಎಂಬಷ್ಟೇ ಮುಖ್ಯ. ಕೆಂಪು ಮಂಡಿಯನ್ನು ಮೆಕ್ಸಿಕೋದ ಕಾಡುಗಳಿಂದ ಎಷ್ಟು ಬಾಚಿದರೆಂದರೆ, 1985ರಲ್ಲೇ ಅದನ್ನು ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಬೇಕಾಯಿತು, ಮುಂದೆ ಇಡೀ ಬ್ರಾಕಿಪೆಲ್ಮಾ ಕುಲವನ್ನೇ ಸೇರಿಸಿದರು. ಆದರೂ ನಿಂತಿಲ್ಲ. 2021ರ ಡಿಸೆಂಬರಿನಲ್ಲಿ ಕೊಲಂಬಿಯಾದ ಬೊಗೋಟಾ ವಿಮಾನ ನಿಲ್ದಾಣದಲ್ಲಿ ಜರ್ಮನಿಗೆ ಹೊರಟಿದ್ದ ಇಬ್ಬರ ಸೂಟ್‌ಕೇಸಿನಲ್ಲಿ 232 ಟರಾಂಟುಲಾಗಳು ಸಿಕ್ಕವು. ಹತ್ತಾರು ವರ್ಷ ಬೆಳೆಯುವ ಹೆಣ್ಣನ್ನು ಒಂದು ಗುಡ್ಡದಿಂದ ಕಿತ್ತರೆ ಆ ಗುಡ್ಡ ಮತ್ತೆ ತುಂಬಲು ಒಂದು ತಲೆಮಾರು ಬೇಕು. ಮನೆಯಲ್ಲೇ ಹುಟ್ಟಿದ ಮರಿಯೆಂದು, ತಾಯಿ ಯಾವುದು, ಎಂದು ಮೊಟ್ಟೆ ಒಡೆಯಿತು ಎಂದು ಹೇಳಬಲ್ಲವರಿಂದ ಮಾತ್ರ ಕೊಳ್ಳಿ. "ಬೆಳೆದ ಹೆಣ್ಣು, ಅಗ್ಗದ ಬೆಲೆ" ಎಂದರೆ ಅದು ಕಾಡಿನದೇ ಇರಬಹುದು.

ಊರಿನಲ್ಲಿರುವವರಿಗೆ ಬೇರೆಯೇ ಮಾತು ಹೇಳಬೇಕು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ಪ್ರಾಣಿಗಳು ಅದರ ನಾಲ್ಕನೇ ಅನುಸೂಚಿಗೆ ಬಂದವು, ಅಂಥ ಜೀವಂತ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮವೂ ಬಂತು. ಕಾಗದಪತ್ರವಿಲ್ಲದೆ ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ವಿದೇಶಿ ಜೇಡ ತಂದು ತೊಂದರೆ ಕಟ್ಟಿಕೊಳ್ಳಬೇಡಿ. ಕಾಡಿನಿಂದ ಹಿಡಿಯುವುದಂತೂ ಕೂಡದು. ಜಗತ್ತಿನ ಸಾಕುವವರೆಲ್ಲ ಹಂಬಲಿಸುವ ನೀಲಿ ಜೇಡ, ಪೊಯಿಸಿಲೋಥೀರಿಯಾ ಮೆಟಾಲಿಕಾ, ನಮ್ಮ ಪಕ್ಕದ ಆಂಧ್ರದ್ದು. 1899ರಲ್ಲಿ ಬ್ರಿಟಿಷ್ ಪ್ರಾಣಿವಿಜ್ಞಾನಿ ಪೋಕಾಕ್ ಅದನ್ನು ಮೊದಲು ಬಣ್ಣಿಸಿದ್ದು ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕ ಒಂದೇ ಮಾದರಿಯಿಂದ. ಆಮೇಲೆ ನೂರು ವರ್ಷ ಯಾರಿಗೂ ಕಾಣಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅದರ ನೆಲೆ ತೀರ ಸಣ್ಣದು, ಅಳಿವಿನ ತೀರ ಅಂಚಿನಲ್ಲಿರುವ ಪ್ರಭೇದವೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಐಯುಸಿಎನ್, ಗುರುತಿಸಿದೆ. ಯುರೋಪಿನ ಅಂಗಡಿಗಳಲ್ಲಿ ಮಾತ್ರ ಬೇಕಾದಷ್ಟಿವೆ. 2019ರಲ್ಲಿ ಈ ಕುಲವೂ ಸೈಟಿಸ್ ಪಟ್ಟಿಗೆ ಸೇರಿತು.

ಮಲೆನಾಡಿನವರಿಗೆ ಪೆಟ್ಟಿಗೆಯ ಅಗತ್ಯವೂ ಇಲ್ಲ. ಕಳೆದ ದೀಪಾವಳಿಗೆ ಮೂರು ವಾರ ಊರಿಗೆ ಹೋಗಿದ್ದೆ. ರಾತ್ರಿ ಟಾರ್ಚು ಹಿಡಿದು ಅಣ್ಣನ ಮಗಳನ್ನು ಕರೆದುಕೊಂಡು ತೋಟದ ದಾರಿಯ ದರೆಯ ಹತ್ತಿರ ನಿಂತೆ. ಕೆಂಪು ಮಣ್ಣಿನ ದರೆಯಲ್ಲಿ ಹೆಬ್ಬೆರಳು ಹೋಗುವಷ್ಟು ದುಂಡನೆಯ ತೂತು, ಅಂಚಿಗೆ ಬೆಳ್ಳಗೆ ನೂಲಿನ ಲೇಪ. ಬಾಯಿಯಲ್ಲೇ ಕಂದು ಕಾಲುಗಳ ತುದಿ ಕಾಣುತ್ತಿತ್ತು. ಥ್ರಿಗ್ಮೊಪೀಯಸ್ ಇರಬೇಕು, ಪಶ್ಚಿಮ ಘಟ್ಟದ ಈ ಜೇಡವನ್ನೂ ಪೋಕಾಕ್ ಬಣ್ಣಿಸಿದ್ದು ಅದೇ 1899ರಲ್ಲಿ. ಚಿಕ್ಕಂದಿನಲ್ಲಿ ನಾವು ಅಂಥ ತೂತಿಗೆ ಕಡ್ಡಿ ತುರುಕುತ್ತಿದ್ದೆವು. "ಚಿಕ್ಕಪ್ಪ, ಕಡ್ಡಿ ಹಾಕ್ಲಾ?" ಎಂದು ಅವಳೂ ಕೇಳಿದಳು. ಬೇಡ, ಉಸಿರು ಬಿಗಿಹಿಡಿದು ನೋಡು ಅಂದೆ. ಹತ್ತು ನಿಮಿಷ ಹಾಗೇ ನಿಂತೆವು. ಒಂದು ಮಿಡತೆ ನೂಲಿನ ಎಳೆಗೆ ತಾಗಿತು, ಮುಂದಿನ ಕ್ಷಣ ಮಿಡತೆ ಇರಲಿಲ್ಲ. ಮರುದಿನ ಅವಳು ನನ್ನನ್ನು ಕೇಳದೆ ಟಾರ್ಚು ತಗೊಂಡು ಹೊರಟಿದ್ದಳು.

ಅಮ್ಮ ಕೇಳಿದಳು, "ಇಲ್ಲಿ ಬಂದು ಕೂತ್ಯಲ್ಲ, ಅಲ್ಲಿ ಅದನ್ನ ಯಾರು ನೋಡ್ಕೊಳ್ತಾರೆ?" ಯಾರೂ ಇಲ್ಲ ಅಂದೆ. ಬೆಳೆದ ಜೇಡಕ್ಕೆ ದೊಡ್ಡ ಬಟ್ಟಲು ನೀರಿಟ್ಟರೆ ಮೂರು ವಾರ ಏನೂ ಆಗುವುದಿಲ್ಲ. ಇರಲೆಂದು ಎರಡು ಬಟ್ಟಲು ಇಟ್ಟು ಬಂದಿದ್ದೆ. ವಾಪಸ್ಸು ಹೋಗಿ ಸೂಟ್‌ಕೇಸು ಇಳಿಸುವ ಮೊದಲೇ ಕಪಾಟಿನ ಹತ್ತಿರ ಹೋಗಿ ನೋಡಿದೆ. ಒಂದು ಬಟ್ಟಲಲ್ಲಿ ಅರ್ಧ ನೀರಿತ್ತು. ಇನ್ನೊಂದರಲ್ಲಿ ತುಂಬ ಮಣ್ಣು, ಗೋಪುರದಂತೆ. ಕಂಬಳಿ ಹೊಸ ಬಿಲ ತೋಡಿ, ಅಗೆದದ್ದನ್ನೆಲ್ಲ ಅದರೊಳಗೆ ತಂದು ಸುರಿದಿದ್ದಳು.